ಕುಂಕಳ್ಳಿಯ ಸಾಕ್ಷಿ: ರುಡಾಲ್ಫ್ ಅಕ್ವವೀವನ ಬಾಳು ಮತ್ತು ಬಳುವಳಿ



ನಂಬಿದ ಧರ್ಮಕ್ಕಾಗಿ ಪ್ರಾಣವನ್ನು ತೆರುವುದು ಕೊಪ್ಪಳದ ಸೀಮೆಗೆ ಹೊಸದಾದ ಸಂಗತಿಯಲ್ಲ. ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ನಾಡಿನ ಎಲ್ಲೆಯನ್ನು ಹೇಳುವಾಗ ಹೆಸರಿಸಲ್ಪಟ್ಟ ಕೋಪಣವೇ ಇಂದಿನ ಕೊಪ್ಪಳವೆಂಬುದು ವಿದ್ವಾಂಸರಿಗೆ ಒಪ್ಪಿಗೆಯಾದ ಮಾತು. ಜೈನರಿಗೆ ಅದು ಮಹಾತೀರ್ಥ. ಅಲ್ಲಿಯ ಬೆಟ್ಟಗಳ ಮೇಲೆ ಎಷ್ಟೋ ಮಂದಿ ಮುನಿಗಳೂ ಶ್ರಾವಕಶ್ರಾವಿಕೆಯರೂ ಸಲ್ಲೇಖನವ್ರತವನ್ನು ಕೈಗೊಂಡು ದೇಹವನ್ನು ತೊರೆದುದಕ್ಕೆ ಬಂಡೆಗಳ ಮೇಲಣ ಬರೆಹಗಳು ಪ್ರಮಾಣವಾಗಿವೆ. ಕುಷ್ಟಗಿ, ಯಲಬುರ್ಗಿ, ಗಂಗಾವತಿಗಳ ಕಡೆಗೆ ಹೋದರೆ ಊರ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಹಾಳುಗುಡಿಯ ಮಗ್ಗುಲಲ್ಲಿ ವೀರಗಲ್ಲುಗಳು ಕಾಣಿಸುತ್ತವೆ. ತುರುಗಳನ್ನು ಕಾಯಲು ಹೋಗಿ ಮಡಿದವನನ್ನು ದೇವಕನ್ನಿಕೆಯರು ಎತ್ತಿಕೊಂಡು ಹೋಗುವ ಚಿತ್ರವನ್ನು ಅಲ್ಲಿಯ ದನಗಾಹಿ ಹುಡುಗನೂ ಬಲ್ಲನು.

ಹೀಗೆ ನಮ್ಮಲ್ಲಿ ಎರಡು ಬಗೆಯ ಮರಣಗಳಿಗೆ ಕಲ್ಲು ನೆಡುವ ವಾಡಿಕೆಯಿತ್ತು: ತಾನಾಗಿ ದೇಹವನ್ನು ಬಿಟ್ಟವನ ನಿಷಿದಿ ಒಂದು, ಕಾದಿ ಸತ್ತವನ ವೀರಗಲ್ಲು ಇನ್ನೊಂದು. ಕ್ರೈಸ್ತರು ಹೇಳುವ ಧರ್ಮಮರಣವು ಈ ಎರಡಕ್ಕೂ ಸೇರದ ಮೂರನೆಯ ಬಗೆ. ಅವನು ಸಾವನ್ನು ತಾನೇ ತಂದುಕೊಳ್ಳಲಾಗದು. ಕತ್ತಿಯನ್ನು ಹಿಡಿದು ಕಾದಲೂ ಆಗದು. ತನ್ನ ನಂಬುಗೆಯ ನಿಮಿತ್ತವಾಗಿ ಇತರರು ಕೊಲ್ಲಲು ಬಂದಾಗ, ನಂಬುಗೆಯನ್ನು ಬಿಡದೆ, ಕೈಯೆತ್ತದೆ, ಕೊಲ್ಲುವವರನ್ನು ಕ್ಷಮಿಸಿ ಸಾಯಬೇಕು. ನಾವು ಅಂಥವನನ್ನು ಹುತಾತ್ಮನೆಂದು ಕರೆಯುತ್ತೇವೆ. ಯಜ್ಞದಲ್ಲಿ ಹೋಮಿಸುವ ಹವಿಸ್ಸಿನಂತೆ ತನ್ನನ್ನು ಅರ್ಪಿಸಿಕೊಂಡವನು ಎಂಬುದು ಆ ಮಾತಿನ ಧ್ವನಿ. ಆದರೆ ಯುರೋಪಿನ ಭಾಷೆಗಳಲ್ಲಿ ಬಳಕೆಯಲ್ಲಿರುವ ಮಾರ್ಟಿರ್ ಎಂಬ ಶಬ್ದವು ಗ್ರೀಕ್ ಭಾಷೆಯಿಂದ ಬಂದುದು. ಅದರ ಮೂಲಾರ್ಥವು ಸಾಕ್ಷಿ ಎಂದು. ನ್ಯಾಯಸ್ಥಾನದಲ್ಲಿ ಬಾಯಿಂದ ನುಡಿಯುವುದನ್ನು ಅವನು ನೆತ್ತರಿಂದ ನುಡಿಯುತ್ತಾನೆ ಎಂಬುದು ಅವರ ಭಾವನೆ. ಈ ಹೊತ್ತು ನಾನು ಹೇಳಲಿರುವುದು ಅಂಥ ಒಬ್ಬ ಸಾಕ್ಷಿಯ ಕಥೆ. ಸಾಯುವಾಗ ಅವನ ವಯಸ್ಸು ಮೂವತ್ತೆರಡು. ಹೆಸರು ರುಡಾಲ್ಫ್ ಅಕ್ವವೀವ.

ಈ ಇಟಲಿಯವನಿಗೂ ಕೊಪ್ಪಳದ ಸೀಮೆಗೂ ಏನು ಸಂಬಂಧವೆಂದು ತಾವು ಕೇಳಬಹುದು. ಹದಿನಾರನೆಯ ಶತಮಾನದಲ್ಲಿ ಗೋವೆಗೂ ತುಂಗಭದ್ರೆಯ ದಡಕ್ಕೂ ಇಂದು ನಾವು ಎಣಿಸುವಷ್ಟು ದೂರವಿರಲಿಲ್ಲ. 1510ರ ಆರಂಭದಲ್ಲಿ ಕಲ್ಲಿಕೋಟೆಯಲ್ಲಿ ಪೋರ್ತುಗೀಜರಿಗೆ ದೊಡ್ಡ ಸೋಲಾಯಿತು. ಆ ಮೇಲೆ ಅವರ ಅಧಿಪತಿಯಾದ ಅಲ್ಬುಕೆರ್ಕನು ಲೂಯಿಸ್ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿಯನ್ನು ರಾಯಭಾರಿಯಾಗಿ ವಿಜಯನಗರಕ್ಕೆ ಕಳುಹಿಸಿದನು. ಕೃಷ್ಣದೇವರಾಯನು ಪಟ್ಟವೇರಿ ಬಹಳ ಕಾಲವಾಗಿರಲಿಲ್ಲ. ಪೋರ್ತುಗೀಜರಿಗೆ ಬೇಕಾಗಿದ್ದುದು ಸ್ನೇಹ. ರಾಯನಿಗೆ ಬೇಕಾಗಿದ್ದುದು ಕುದುರೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಎದುರು ದಡದಲ್ಲಿದ್ದ ಆ ಮಹಾನಗರದಲ್ಲಿಯೇ ಲೂಯಿಸನು ಕೊಲೆಯಾದನೆಂದು ಪೋರ್ತುಗೀಜರ ಬರೆಹಗಳು ಹೇಳುತ್ತವೆ. ಅವನು ಪಾದ್ರಿಯೂ ಹೌದು, ರಾಯಭಾರಿಯೂ ಹೌದು. ಇವರಲ್ಲಿ ಯಾರನ್ನು ಕೊಂದಂತಾಯಿತು ಎಂಬ ಪ್ರಶ್ನೆಯನ್ನು ತಾವು ನೆನಪಿನಲ್ಲಿಡಬೇಕು; ಇಂದಿನ ಕಥೆಯಲ್ಲಿ ಅದು ಮತ್ತೆ ಬರುವುದು. ಇನ್ನು ಕುಷ್ಟಗಿಯ ನೆರೆಯಲ್ಲಿರುವ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಷ್ಟು ಹಳೆಯದಾದ ಒಂದು ಕ್ಯಾಥೊಲಿಕ್ ಜನಸಮೂಹವುಂಟು. ಗೋವೆಯಿಂದ ಬಂದ ಪಾದ್ರಿಗಳು ಅದಕ್ಕೆ ಕಾರಣರೆಂದು ಹಳೆಯ ಗೆಜೆಟಿಯರುಗಳಲ್ಲಿ ಕಾಣುತ್ತದೆ. ಮುದಗಲ್ಲನ್ನು ಆಳಿದ ಬಿಜಾಪುರದ ಆದಿಲ್‌ಶಾಹಿಯೇ ಒಮ್ಮೆ ಗೋವೆಯನ್ನೂ ಆಳಿತ್ತು. ನಮ್ಮ ಕಥೆ ಮುಗಿಯುವ ಸಾಷ್ಟಿಯೆಂಬ ಪ್ರಾಂತವನ್ನು ಪೋರ್ತುಗೀಜರಿಗೆ ಬಿಟ್ಟುಕೊಟ್ಟವನು ಬಿಜಾಪುರದ ಸುಲ್ತಾನನು, ಅದು 1543ರಲ್ಲಿ.

ರುಡಾಲ್ಫನು 1550ನೆಯ ಅಕ್ಟೋಬರ್ 2ರಂದು ನೇಪಲ್ಸ್ ರಾಜ್ಯದ ಆತ್ರಿ ಎಂಬ ಊರಿನಲ್ಲಿ ಹುಟ್ಟಿದನು. ತಂದೆಯು ಆ ಊರಿನ ಡ್ಯೂಕ್, ಎಂದರೆ ನಮ್ಮ ಪಾಳೆಯಗಾರರಿಗಿಂತ ಮೇಲಾದ ಒಬ್ಬ ಮಂಡಲಿಕ. ಮನೆಯಲ್ಲಿ ಐಶ್ವರ್ಯಕ್ಕೆ ಕೊರತೆಯಿರಲಿಲ್ಲ. ಮಂಗಳೂರಿನ ಪ್ರಸಿದ್ಧ ಕಾಲೇಜು ಯಾವ ಅಲೋಶಿಯಸ್ ಸಂತನ ಹೆಸರನ್ನು ಹೊತ್ತಿರುವುದೋ ಆ ಸಂತನೂ ಇವನ ಬಂಧುವರ್ಗಕ್ಕೆ ಸೇರಿದವನು. ಚಿಕ್ಕಪ್ಪನಾದ ಕ್ಲಾಡಿಯೋ ಅಕ್ವವೀವನು ಮುಂದೆ 1581ರಲ್ಲಿ ಯೇಸುಸಭೆಗೆ, ಎಂದರೆ ಜೆಸ್ವಿಟರ ಸಂಘಕ್ಕೆ, ಮಹಾಧ್ಯಕ್ಷನಾದನು. ಹದಿನೇಳು ವಯಸ್ಸಿನ ಹುಡುಗನು ಇದೆಲ್ಲವನ್ನೂ ತೊರೆದು 1568ನೆಯ ಏಪ್ರಿಲ್ ತಿಂಗಳಲ್ಲಿ ರೋಮಿನಲ್ಲಿ ಅದೇ ಸಂಘವನ್ನು ಸೇರಿದನು. ದೇಹವು ದುರ್ಬಲ, ಮನಸ್ಸು ಮಾತ್ರ ಪೂರ್ವದೇಶಗಳ ಕಡೆಗೆ. ಹತ್ತು ವರ್ಷಗಳ ವಿದ್ಯಾಭ್ಯಾಸವಾದ ಮೇಲೆ ಲಿಸ್ಬನ್ನಿನಲ್ಲಿ ಗುರುದೀಕ್ಷೆಯನ್ನು ಪಡೆದು, 1578ರ ವಸಂತದಲ್ಲಿ ಹಡಗು ಹತ್ತಿದನು. ಅದೇ ವರ್ಷ ಅವನೊಡನೆ ಗೋವೆಗೆ ಬಂದವರಲ್ಲಿ ಮತ್ತೇಯೊ ರಿಚ್ಚಿ ಎಂಬುವನಿದ್ದನು. ಈ ರಿಚ್ಚಿಯೇ ಮುಂದೆ ಚೀನಾ ದೇಶಕ್ಕೆ ಹೋಗಿ, ಆ ಜನರ ಭಾಷೆ, ಉಡುಗೆ, ಶಾಸ್ತ್ರಗಳನ್ನು ಕಲಿತು, ಪೀಕಿಂಗ್ ನಗರದಲ್ಲಿ ಗೌರವದಿಂದ ಬಾಳಿ ಮಡಿದವನು. ಒಂದೇ ವರ್ಷ ಬಂದಿಳಿದ ಇಬ್ಬರು ತರುಣರಲ್ಲಿ ಒಬ್ಬನಿಗೆ ವಿದ್ವತ್ತಿನ ದೀರ್ಘಾಯುಸ್ಸು, ಮತ್ತೊಬ್ಬನಿಗೆ ಐದೇ ವರ್ಷಗಳ ಅವಧಿ.

ಆ ಐದು ವರ್ಷಗಳಲ್ಲಿ ಮೂರು ವರ್ಷ ರುಡಾಲ್ಫನು ಕಳೆದುದು ಅಕ್ಬರ್ ಬಾದಶಹನ ಆಸ್ಥಾನದಲ್ಲಿ. ಫತೇಪುರ ಸಿಕ್ರಿಯಲ್ಲಿ ಅಕ್ಬರನು 1575ರಲ್ಲಿ ಇಬಾದತ್‌ಖಾನೆಯೆಂಬ ಚರ್ಚಾಮಂದಿರವನ್ನು ಕಟ್ಟಿಸಿದ್ದನು. ಮೊದಲು ಅಲ್ಲಿ ಮುಸಲ್ಮಾನ ಪಂಡಿತರು ಮಾತ್ರ ವಾದಿಸುತ್ತಿದ್ದರು. ಅವರವರಲ್ಲಿಯೇ ಒಮ್ಮತವಿಲ್ಲದುದನ್ನು ಕಂಡು ಬಾದಶಹನು ಬ್ರಾಹ್ಮಣರನ್ನೂ ಜೈನರನ್ನೂ ಪಾರಸಿಗಳನ್ನೂ ಕರೆಸತೊಡಗಿದನು. 1579ರಲ್ಲಿ ಅವನ ದೂತನು ಗೋವೆಗೆ ಬಂದು, ಧರ್ಮಗ್ರಂಥಗಳೊಂದಿಗೆ ಇಬ್ಬರು ವಿದ್ವಾಂಸರಾದ ಪಾದ್ರಿಗಳನ್ನು ಕಳುಹಿಸಬೇಕೆಂಬ ಪತ್ರವನ್ನು ಕೊಟ್ಟನು. ಇಪ್ಪತ್ತೊಂಬತ್ತು ವರ್ಷದ ರುಡಾಲ್ಫನನ್ನು ಮುಖ್ಯನನ್ನಾಗಿ ಮಾಡಿ, ಅಂತೋನಿ ಮೊನ್ಸೆರಾತ್ ಎಂಬ ಕ್ಯಾಟಲನ್ ದೇಶದವನನ್ನೂ, ಪಾರಸಿ ಭಾಷೆ ಬಲ್ಲ ಫ್ರಾನ್ಸಿಸ್ ಹೆನ್ರಿಕ್ಸನನ್ನೂ ಜೊತೆಗೂಡಿಸಿದರು. ನವೆಂಬರ್ ತಿಂಗಳಲ್ಲಿ ಹೊರಟ ಮೂವರು ಸೂರತ್ತಿನ ಮಾರ್ಗವಾಗಿ 1580ನೆಯ ಫೆಬ್ರವರಿಯ ಕೊನೆಯಲ್ಲಿ ಫತೇಪುರವನ್ನು ತಲುಪಿದರು.

ಆಂಟ್‌ವರ್ಪ್ ನಗರದಲ್ಲಿ ಪ್ಲಾಂಟಿನ್ ಎಂಬುವನು ಅಚ್ಚು ಹಾಕಿದ ಬಹುಭಾಷಾ ಬೈಬಲ್ಲನ್ನು ಅವರು ಬಾದಶಹನಿಗೆ ಕಾಣಿಕೆಯಾಗಿ ಕೊಟ್ಟರು. ಅವನು ಆ ಸಂಪುಟಗಳನ್ನು ಮುತ್ತಿಟ್ಟು ತಲೆಯ ಮೇಲಿಟ್ಟುಕೊಂಡನೆಂದು ಪಾದ್ರಿಗಳ ಪತ್ರಗಳು ಹೇಳುತ್ತವೆ. ಮೊನ್ಸೆರಾತನು ರಾಜಕುಮಾರ ಮುರಾದನಿಗೆ ಉಪಾಧ್ಯಾಯನಾದನು. ಅವನು ಲ್ಯಾಟಿನ್ನಿನಲ್ಲಿ ಬರೆದ ವೃತ್ತಾಂತದ ಹಸ್ತಪ್ರತಿಯು 1906ರಲ್ಲಿ ಕಲ್ಕತ್ತೆಯಲ್ಲಿ ದೊರೆತು, 1914ರಲ್ಲಿ ಅಚ್ಚಾಯಿತು. ರುಡಾಲ್ಫನು ಪಾರಸಿ ಭಾಷೆಯನ್ನು ಕಲಿತು ಸಭೆಯಲ್ಲಿ ವಾದಿಸಿದನು. ಆಸ್ಥಾನದ ಇತಿಹಾಸಕಾರನಾದ ಅಬುಲ್ ಫಜಲನು ಅಕ್ಬರ್‌ನಾಮೆಯಲ್ಲಿ ಇವನನ್ನು ಪಾದ್ರಿ ರದೀಫ್ ಎಂದು ಹೆಸರಿಸಿದ್ದಾನೆ. ಆ ಗ್ರಂಥದ ಚಿತ್ರಿತಪ್ರತಿಯ ಒಂದು ಹಾಳೆ ಇಂದು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರಲ್ಲಿ ದೀಪಗಳ ಬೆಳಕಿನಲ್ಲಿ ಕುಳಿತ ಬಾದಶಹನ ಮುಂದೆ ಕರಿಯ ನಿಲುವಂಗಿ ತೊಟ್ಟ ಇಬ್ಬರು ಪಾದ್ರಿಗಳು ಚರ್ಚೆಯಲ್ಲಿ ತೊಡಗಿರುವುದನ್ನು ಕಾಣಬಹುದು.

ಇಲ್ಲಿಯ ಒಂದು ಪ್ರಸಂಗವು ಇತಿಹಾಸದ ವಿದ್ಯಾರ್ಥಿಗೆ ಬಹು ಉಪಯುಕ್ತವಾದುದು. ಸಭೆಯಲ್ಲಿ ಅಗ್ನಿಪರೀಕ್ಷೆಯ ಮಾತು ಬಂದಿತು: ಒಬ್ಬ ಪಾದ್ರಿ ಬೈಬಲ್ಲನ್ನೂ ಒಬ್ಬ ಮುಲ್ಲಾ ಕುರಾನನ್ನೂ ಹಿಡಿದು ಬೆಂಕಿಯೊಳಗೆ ಹೊಗಲಿ, ಸುಡದೆ ಹೊರಬಂದವನ ಧರ್ಮವೇ ಸತ್ಯವೆಂದು ತಿಳಿಯೋಣ ಎಂದು. ಅಬುಲ್ ಫಜಲನು ಬರೆಯುವಂತೆ ಈ ಸವಾಲನ್ನು ಹಾಕಿದವನು ಪಾದ್ರಿ ರದೀಫನೇ, ಹಿಂಜರಿದವರು ಮುಲ್ಲಾಗಳು. ಜೆಸ್ವಿಟರ ಪತ್ರಗಳು ಹೇಳುವಂತೆ ಸವಾಲು ಬಂದುದು ಎದುರು ಪಕ್ಷದಿಂದ. ದೇವರನ್ನು ಪರೀಕ್ಷಿಸುವುದು ತಮ್ಮ ಧರ್ಮಕ್ಕೆ ಸಲ್ಲದೆಂದು ರುಡಾಲ್ಫನು ನಿರಾಕರಿಸಿದನು. ಬೇರೆಯವನು ತನ್ನನ್ನು ಹೊಗಳಿ ಬರೆದಲ್ಲಿ, ತನ್ನವರು ಆ ಹೊಗಳಿಕೆಯನ್ನು ಅಲ್ಲಗಳೆದಿದ್ದಾರೆ! ನನಗೆ ಪಾದ್ರಿಗಳ ಮಾತೇ ಹೆಚ್ಚು ವಿಶ್ವಾಸಾರ್ಹವಾಗಿ ತೋರುತ್ತದೆ. ತಮಗೆ ಕೀರ್ತಿ ತರಬಹುದಾಗಿದ್ದ ಕಥೆಯನ್ನು ಅವರು ಬಿಟ್ಟುಕೊಟ್ಟಿದ್ದಾರಷ್ಟೆ. ಮರಣವನ್ನು ಬಯಸಿ ಬೆಂಕಿಗೆ ಹಾರುವುದಕ್ಕೂ ಸಾಕ್ಷಿಯಾಗಿ ಮರಣವನ್ನು ಸ್ವೀಕರಿಸುವುದಕ್ಕೂ ಇರುವ ಅಂತರವನ್ನು ಈ ತರುಣನು ಚೆನ್ನಾಗಿ ಅರಿತಿದ್ದನೆಂದು ಇದರಿಂದ ತಿಳಿಯುತ್ತದೆ.

ಆದರೆ ಅಕ್ಬರನು ಕ್ರೈಸ್ತನಾಗಲಿಲ್ಲ. ದೇವರೊಬ್ಬನೇ ಮೂವರೆಂಬುದೂ, ದೇವರು ಮನುಷ್ಯನಾಗಿ ಹುಟ್ಟಿದನೆಂಬುದೂ ಅವನ ಬುದ್ಧಿಗೆ ಹಿಡಿಯಲಿಲ್ಲ. ಅನೇಕ ಪತ್ನಿಯರಲ್ಲಿ ಒಬ್ಬಳನ್ನುಳಿದು ಮಿಕ್ಕವರನ್ನು ಬಿಡುವುದೂ ಆಗದ ಮಾತು. ಅವನಿಗೆ ಬೇಕಾಗಿದ್ದುದು ಎಲ್ಲ ಧರ್ಮಗಳ ಸಾರ. ಪಾದ್ರಿಗಳಿಗೆ ಬೇಕಾಗಿದ್ದುದು ಅವನೊಬ್ಬನ ಮನಃಪರಿವರ್ತನೆ. ಮೊನ್ಸೆರಾತನೂ ಹೆನ್ರಿಕ್ಸನೂ ಹಿಂದಿರುಗಿದ ಮೇಲೆ ರುಡಾಲ್ಫನೊಬ್ಬನೇ ಉಪವಾಸ, ಜಪತಪಗಳಲ್ಲಿ ಕಾಲ ಕಳೆಯುತ್ತ ಅಲ್ಲಿ ಉಳಿದನು. ಕೊನೆಗೆ 1583ರಲ್ಲಿ ಅಪ್ಪಣೆ ಪಡೆದು ಹೊರಟನು. ಬಾದಶಹನು ಕೊಡಬಂದ ಹೊನ್ನನ್ನು ಮುಟ್ಟದೆ, ಆ ಅರಮನೆಯಲ್ಲಿ ದಾಸ್ಯದಲ್ಲಿದ್ದ ಒಂದು ಕ್ರೈಸ್ತ ಕುಟುಂಬದ ಬಿಡುಗಡೆಯನ್ನು ಮಾತ್ರ ಬೇಡಿ ಪಡೆದನೆಂದು ಚರಿತ್ರಕಾರರು ಬರೆದಿದ್ದಾರೆ. ಮೇ ತಿಂಗಳಲ್ಲಿ ಅವನು ಗೋವೆಯನ್ನು ಸೇರಿದನು. ತನ್ನ ಕೆಲಸವು ವಿಫಲವಾಯಿತೆಂಬ ಭಾವನೆಯಿಂದ ಮರಳಿದ ಅವನನ್ನು ಸಾಷ್ಟಿಯ ಜೆಸ್ವಿಟರಿಗೆ ಮುಖ್ಯಸ್ಥನನ್ನಾಗಿ ನೇಮಿಸಿದರು.

ಇನ್ನು ಸಾಷ್ಟಿಯ ಸ್ಥಿತಿಯನ್ನು ವಿವರಿಸದೆ ಮುಂದಿನ ಕಥೆಯು ತಿಳಿಯುವಂತಿಲ್ಲ. ಸಾಷ್ಟಿಯೆಂದರೆ ಇಂದಿನ ದಕ್ಷಿಣ ಗೋವೆಯ ಮಡಗಾಂವಿಯ ಸುತ್ತಣ ಪ್ರದೇಶ. ಪೋರ್ತುಗೀಜ ಸರಕಾರವು ಅಲ್ಲಿ ತನ್ನ ಆಳಿಕೆಯನ್ನೂ ತನ್ನ ಧರ್ಮವನ್ನೂ ಒಂದೇ ಕೈಯಲ್ಲಿ ಹಿಡಿದು ನಡೆಸಿತು. 1567ರಲ್ಲಿ ರಾಯ್ತೂರು ಕೋಟೆಯ ದಂಡನಾಯಕನ ಜನರು ಸಾಷ್ಟಿಯ ದೇವಾಲಯಗಳನ್ನು ನೂರಾರು ಸಂಖ್ಯೆಯಲ್ಲಿ ಸುಟ್ಟರು, ಕೆಡವಿದರು. ದೇವರುಗಳನ್ನು ಹೊತ್ತುಕೊಂಡು ಜನರು ಗಡಿಯಾಚೆಯ ಕಾಡುಗಳಿಗೆ ಓಡಿದರು. ಕುಂಕಳ್ಳಿಯೂ ಅದರ ನೆರೆಯ ಕೆಲವು ಗ್ರಾಮಗಳೂ ಇದಕ್ಕೆ ತಲೆಬಾಗಲಿಲ್ಲ. ಕಂದಾಯ ಕೊಡಲೊಲ್ಲೆವೆಂದರು, ಕೆಡವಿದ ಗುಡಿಯನ್ನು ಮತ್ತೆ ಕಟ್ಟಿದರು. ದಂಡು ಬಂದು ಮತ್ತೆ ಕೆಡವಿತು. ಆ ದಂಡಿನ ಜೊತೆಗೆ ಹೋದ ಪಾದ್ರಿಗಳಲ್ಲಿ ಅಲ್ಫೊನ್ಸೊ ಪಾಚೆಕೊ ಎಂಬ ಸ್ಪೇನ್ ದೇಶದವನೂ ಪೀಟರ್ ಬೆರ್ನೊ ಎಂಬ ಸ್ವಿಸ್ ಬೆಟ್ಟಗಾಡಿನವನೂ ಇದ್ದರು. ಬೆರ್ನೊ ಎಂಬವನು ಜನರು ಪವಿತ್ರವೆಂದು ಪೂಜಿಸುತ್ತಿದ್ದ ಹುತ್ತವೊಂದನ್ನು ಒಡೆದನು, ಹಸುವೊಂದನ್ನು ಕೊಂದನು. ಇದನ್ನು ಹೇಳುವವರು ಕ್ರೈಸ್ತರ ವೈರಿಗಳಲ್ಲ. ಇವರನ್ನು ಕೊಂಡಾಡಲೆಂದೇ ಬರೆದ ಕ್ಯಾಥೊಲಿಕ್ ಚರಿತ್ರೆಗಳಲ್ಲಿಯೇ ಇದು ಇದೆ. ನಮ್ಮ ಊರ ಹುತ್ತಕ್ಕೆ ನಾಗರಪಂಚಮಿಯಂದು ಹಾಲೆರೆಯುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ದಾಳಿಗಳು ನಡೆಯುತ್ತಿದ್ದ ಕಾಲದಲ್ಲಿ ರುಡಾಲ್ಫನು ಸಾವಿರಾರು ಮೈಲಿ ಬಳಸಿ ಹೋಗಬೇಕಾದ ಫತೇಪುರದಲ್ಲಿದ್ದನು. ಒಂದು ಗುಡಿಯ ಕಲ್ಲನ್ನೂ ಅವನ ಕೈ ಕಿತ್ತುದಿಲ್ಲ. ಅವನು ಸಾಷ್ಟಿಯಲ್ಲಿದ್ದುದು ಕೆಲವೇ ವಾರಗಳು. ಆದರೆ ಅವನು ಮುಖ್ಯಸ್ಥನಾಗಿ ಸೇರಿದುದು ಗುಡಿ ಕೆಡವಿದವರ ಬಳಗಕ್ಕೆ, ತೊಟ್ಟದ್ದು ಅವರದೇ ಉಡುಪನ್ನು.

1583ನೆಯ ಜುಲೈ 25, ಸೋಮವಾರ. ಇದು ಹೊಸ ಗ್ರೆಗೋರಿಯನ್ ಪಂಚಾಂಗದ ಲೆಕ್ಕ. ಹಳೆಯ ಪಂಚಾಂಗದಂತೆ ಅದು ಜುಲೈ 15. ಮಳೆಗಾಲ. ಕುಂಕಳ್ಳಿಯಲ್ಲಿ ಶಿಲುಬೆಯೊಂದನ್ನು ನೆಟ್ಟು, ಇಗರ್ಜಿಗೆ ತಕ್ಕ ನೆಲವನ್ನು ಆರಿಸುವ ಉದ್ದೇಶದಿಂದ ರುಡಾಲ್ಫ, ಪಾಚೆಕೊ, ಬೆರ್ನೊ, ಅಂತೋನಿಯೊ ಫ್ರಾನ್ಸಿಸ್ಕೊ ಎಂಬ ನಾಲ್ವರು ಪಾದ್ರಿಗಳೂ, ಕಟ್ಟಡದ ಕೆಲಸ ಬಲ್ಲ ಫ್ರಾನ್ಸಿಸ್ಕೊ ಅರಾನ್ಯನೆಂಬ ಸಹೋದರನೂ, ಕೆಲವು ಮಂದಿ ಸ್ಥಳೀಯ ಕ್ರೈಸ್ತರೂ ಓರ್ಲಿಯ ಇಗರ್ಜಿಯಿಂದ ಹೊರಟರು. ಗ್ರಾಮದ ಮುಖ್ಯರು ಸಭೆ ಸೇರಿ ಆಲೋಚಿಸಿದರು. ಇಗರ್ಜಿಗೆ ನೆಲ ನೋಡಲು ಬಂದವರ ಹಿಂದೆ ದಂಡು ಬರುವುದೆಂಬುದು ಅವರ ಅನುಭವ. ಕತ್ತಿ, ಈಟಿ, ಬಿಲ್ಲುಗಳನ್ನು ಹಿಡಿದು ದೊಡ್ಡ ಗುಂಪಾಗಿ ಅವರು ಬಂದರು. ಜೊತೆಯಲ್ಲಿದ್ದ ಗೊನ್ಸಾಲೊ ರೊದ್ರಿಗೆಸ್ ಎಂಬ ಪೋರ್ತುಗೀಜನು ಬಂದೂಕನ್ನು ಗುರಿಯಿಟ್ಟನು. ತಾವು ಬಂದುದು ಕಾದುವುದಕ್ಕಲ್ಲವೆಂದು ಹೇಳಿ ಪಾಚೆಕೊ ಅವನನ್ನು ತಡೆದನು. ಆ ಒಂದು ಮಾತಿನಿಂದ, ವೀರಗಲ್ಲಿನ ಮರಣವಾಗಬಹುದಾಗಿದ್ದುದು ಮಾರ್ಪಟ್ಟಿತು.

ರುಡಾಲ್ಫನಿಗೆ ಕತ್ತಿಯ ಐದು ಏಟುಗಳು ಬಿದ್ದುವು. ತನ್ನನ್ನು ಕೊಲ್ಲುವವರನ್ನು ಕ್ಷಮಿಸೆಂದು ದೇವರನ್ನು ಬೇಡುತ್ತ ಅವನು ಪ್ರಾಣ ಬಿಟ್ಟನೆಂದು ಅವರ ಚರಿತ್ರೆಯು ಹೇಳುತ್ತದೆ. ಪಾಚೆಕೊ ತೋಳುಗಳನ್ನು ಶಿಲುಬೆಯಂತೆ ಚಾಚಿ ಮೊಣಕಾಲೂರಿ ಮಡಿದನು. ಬೆರ್ನೊವಿನ ದೇಹವನ್ನು ಅತಿ ಕ್ರೂರವಾಗಿ ಛಿದ್ರಗೊಳಿಸಿದರು. ಅವನ ಮೇಲಣ ಸಿಟ್ಟು ಹಳೆಯದು. ಅರಾನ್ಯನು ಬಾಣಗಳಿಗೆ ತುತ್ತಾದನು. ಅವರೊಡನೆ ರೊದ್ರಿಗೆಸನೂ ಹದಿನಾಲ್ಕು ಮಂದಿ ನಾಡವರಾದ ಕ್ರೈಸ್ತರೂ ಸತ್ತರು. ಅವರಲ್ಲಿ ಕುಂಕಳ್ಳಿಯವನೇ ಆದ ದೊಮಿಂಗೊ ಎಂಬ ಹುಡುಗನೊಬ್ಬನಿದ್ದನು. ರಾಯ್ತೂರಿನ ಶಾಲೆಯಲ್ಲಿ ಓದುತ್ತಿದ್ದ ಆ ಬಾಲಕನನ್ನು ಕೊಂದವನು ಅವನ ಸ್ವಂತ ಮಾವನೆಂದು ಬರೆದಿದೆ. ಒಂದು ಊರಿನೊಳಗೆ, ಒಂದು ಮನೆಯೊಳಗೆ ಎಂಥ ಬಿರುಕು ಬಿದ್ದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಶವಗಳನ್ನು ಬಾವಿಯೊಂದಕ್ಕೆ ಎಸೆದಿದ್ದರು. ಕೆಲವು ದಿನಗಳಾದ ಮೇಲೆ ಅವನ್ನು ಬಿಡಿಸಿಕೊಂಡು ತಂದು ರಾಯ್ತೂರಿನ ಇಗರ್ಜಿಯಲ್ಲಿ ಸಮಾಧಿ ಮಾಡಿದರು. ಮುಂದೆ 1597ರಲ್ಲಿ ಅವಶೇಷಗಳು ಗೋವೆಯ ಸಂತ ಪೌಲರ ಕಾಲೇಜಿಗೂ, 1862ರಲ್ಲಿ ಹಳೆಯ ಗೋವೆಯ ಮಹಾದೇವಾಲಯಕ್ಕೂ ಸಾಗಿಸಲ್ಪಟ್ಟುವು.

ಇಲ್ಲಿಗೆ ಅರ್ಧ ಕಥೆ. ಉಳಿದರ್ಧವನ್ನು ಬಹುಕಾಲ ಯಾರೂ ಪುಸ್ತಕಗಳಲ್ಲಿ ಬರೆಯಲಿಲ್ಲ. ಕುಂಕಳ್ಳಿಯ ಮನೆಗಳಲ್ಲಿ ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳಿ ಉಳಿಸಿದರು. ಕೊಲೆಗಳಾದ ಮೇಲೆ ಪೋರ್ತುಗೀಜರ ದಂಡು ಬಂದು ಊರನ್ನು ಹಾಳುಮಾಡಿತು. ಆ ಬಳಿಕ, ಮಾತುಕತೆಗೆಂದು ಗ್ರಾಮದ ಹದಿನಾರು ಮಂದಿ ಗಾಂವಕಾರರನ್ನು, ಎಂದರೆ ಗೌಡರನ್ನು, ಅಸೋಳ್ನೆಯ ಕೋಟೆಗೆ ಕರೆಸಿದರು. ನಂಬಿ ಒಳಹೊಕ್ಕವರಲ್ಲಿ ಹದಿನೈದು ಮಂದಿಯನ್ನು ವಿಚಾರಣೆಯಿಲ್ಲದೆ ಕೊಂದರು. ಒಬ್ಬನು ನದಿಗೆ ಧುಮುಕಿ ತಪ್ಪಿಸಿಕೊಂಡನು. ಗ್ರಾಮಗಳ ನೆಲವನ್ನು ಕಿತ್ತುಕೊಂಡು ಪೋರ್ತುಗೀಜ ಕುಲೀನರಿಗೆ ಉಂಬಳಿಯಾಗಿ ಕೊಟ್ಟರು. ಊರದೇವಿ ಶಾಂತಾದುರ್ಗೆಯನ್ನು ಭಕ್ತರು ಗಡಿಯಾಚೆಯ ಫಾತರ್ಪೆಗೆ ಸಾಗಿಸಿದರು.

ಶ್ರೋತೃಗಳೇ, ಇಲ್ಲಿ ನಾವು ನಮ್ಮ ಮೊದಲ ಪ್ರಶ್ನೆಗೆ ಬರಬೇಕು. ವಿಜಯನಗರದಲ್ಲಿ ಮಡಿದ ಲೂಯಿಸನ ವಿಷಯದಲ್ಲಿ ಕೇಳಿದಂತೆಯೇ, ಕುಂಕಳ್ಳಿಯವರು ಕೊಂದುದು ಪಾದ್ರಿಗಳನ್ನೋ, ಪರರಾಜ್ಯದ ಪ್ರತಿನಿಧಿಗಳನ್ನೋ? ರೋಮಿನ ಧರ್ಮಪೀಠಕ್ಕೂ ಈ ತೀರ್ಮಾನವು ಸುಲಭವಾಗಿರಲಿಲ್ಲವೆಂದು ಕಾಣುತ್ತದೆ. ಅವರ ಶಾಸ್ತ್ರದಂತೆ ಕೊಂದವರಿಗೆ ಧರ್ಮದ ಮೇಲೆಯೇ ದ್ವೇಷವಿದ್ದುದು ಸಿದ್ಧವಾಗಬೇಕು. ರಾಜಕಾರಣದ ಹಗೆಯಿಂದಾದ ಸಾವು ಅದಕ್ಕೆ ಸಾಲದು. ವಿಚಾರಣೆಯು 1600ರ ಸುಮಾರಿಗೆ ತೊಡಗಿದರೂ, ಇದು ಧರ್ಮಮರಣವೇ ಹೌದೆಂದು ಹದಿನಾಲ್ಕನೆಯ ಬೆನೆಡಿಕ್ಟ್ ಪೋಪನು ಸಾರಿದುದು 1741ರಲ್ಲಿ. ಐವರಿಗೂ ಪುಣ್ಯಪುರುಷರೆಂಬ ಪದವಿಯನ್ನು ಹದಿಮೂರನೆಯ ಲಿಯೋ ಪೋಪನು ಕೊಟ್ಟುದು 1893ರಲ್ಲಿ. ಕೊಲೆಯಾಗಿ ಮುನ್ನೂರಹತ್ತು ವರ್ಷಗಳಾಗಿದ್ದುವು. ಜೊತೆಯಲ್ಲಿ ಸತ್ತ ನಾಡವರಿಗೆ, ಬಾಲಕ ದೊಮಿಂಗೊವಿಗೆ, ಆ ಪದವಿಯು ದೊರೆಯಲಿಲ್ಲ.

ನನ್ನ ಅಲ್ಪಮತಿಗೆ ತೋರುವುದಿಷ್ಟು. ಕುಂಕಳ್ಳಿಯ ಗೌಡರಿಗೆ ರುಡಾಲ್ಫನು ಯಾರೆಂದು ತಿಳಿದಿರಲಿಲ್ಲ. ಅಕ್ಬರನ ಸಭೆಯಲ್ಲಿ ಕತ್ತಿಯಿಲ್ಲದೆ, ದಂಡಿಲ್ಲದೆ, ಕೇವಲ ಮಾತಿನಿಂದ ಮೂರು ವರ್ಷ ವಾದಿಸಿ ಸೋತು ಬಂದವನು ಇವನೆಂದು ಅವರಿಗೆ ಯಾರು ಹೇಳಿದ್ದರು? ಅವರ ಕಣ್ಣಿಗೆ ಕಂಡುದು ಒಂದು ಕರಿಯ ನಿಲುವಂಗಿ. ಅದೇ ಬಗೆಯ ಅಂಗಿ ತೊಟ್ಟವರು ಗುಡಿ ಕೆಡವುವುದನ್ನು ಅವರು ಕಂಡಿದ್ದರು. ರುಡಾಲ್ಫನ ವೈಯಕ್ತಿಕ ಪಾವಿತ್ರ್ಯವನ್ನು ನಾನು ಕಿಂಚಿತ್ತೂ ಸಂದೇಹಿಸುವುದಿಲ್ಲ. ಅವನ ಸಾವು ನಿಜವಾದ ಸಾಕ್ಷಿಯ ಸಾವು. ಆದರೆ ರಾಜ್ಯದ ಕತ್ತಿಯು ಧರ್ಮದ ಮುಂದೆ ಮುಂದೆ ನಡೆದಲ್ಲಿ, ಹಿಂದೆ ಬರುವ ನಿರ್ಮಲನಾದ ಸಾಕ್ಷಿಯ ಮಾತು ಯಾರಿಗೂ ಕೇಳಿಸುವುದಿಲ್ಲ. ಹಾಗೆಯೇ, ಅಸೋಳ್ನೆಯ ಕೋಟೆಯಲ್ಲಿ ಮಡಿದ ಹದಿನೈದು ಮಂದಿಯೂ ತಮ್ಮ ದೇವರಿಗಾಗಿ, ತಮ್ಮ ನೆಲಕ್ಕಾಗಿ ಸತ್ತವರೇ. ಒಬ್ಬರಿಗೆ ಗೌರವ ಸಲ್ಲಿಸಲು ಮತ್ತೊಬ್ಬರನ್ನು ಮರೆಯಬೇಕಾದ ಅಗತ್ಯವಿಲ್ಲ.

ಇನ್ನು ಬಳುವಳಿಯ ಮಾತು. ರುಡಾಲ್ಫನ ಮೊಗಲ್ ಪ್ರಯತ್ನವು ಅವನೊಂದಿಗೆ ಮುಗಿಯಲಿಲ್ಲ. 1591ರಲ್ಲಿ ಎರಡನೆಯ, 1595ರಲ್ಲಿ ಮೂರನೆಯ ಪಾದ್ರಿಮಂಡಲಿಗಳು ಅಕ್ಬರನಲ್ಲಿಗೆ ಹೋದುವು. ಅವರ ಪತ್ರಗಳಿಂದ ದೊರೆಯುವ ಸಂಗತಿಗಳನ್ನು ಬಿಟ್ಟು ಆ ಕಾಲದ ಚರಿತ್ರೆಯನ್ನು ಇಂದು ಯಾರೂ ಬರೆಯಲಾರರು.

ಸಾಷ್ಟಿಯಲ್ಲಿ ಉಳಿದ ಬಳುವಳಿಯು ಇನ್ನೂ ಗಮನಾರ್ಹವಾದುದು. ಹುತಾತ್ಮರ ದೇಹಗಳನ್ನು ಬಿಡಿಸಿ ತಂದು ಮಣ್ಣುಮಾಡಿದವನು ಥಾಮಸ್ ಸ್ಟೀಫನ್ಸ್ ಎಂಬ ಆಂಗ್ಲ ಜೆಸ್ವಿಟನು. ಅದೇ ವರ್ಷ ತನ್ನ ಸಹೋದರನಿಗೆ ಬರೆದ ಪತ್ರದಲ್ಲಿ ಅವನು ಈ ಘಟನೆಯನ್ನು ವಿವರಿಸಿದನು. ಅನಂತರವೂ ಅವನು ಸಾಷ್ಟಿಯನ್ನು ಬಿಟ್ಟು ಹೋಗಲಿಲ್ಲ. ಆ ಜನರ ಭಾಷೆಯನ್ನು ಕಲಿತನು. 1616ರಲ್ಲಿ ಅಚ್ಚಾದ ಅವನ ಕ್ರಿಸ್ತಪುರಾಣವು ಮರಾಠಿ ಸಂತರ ಓವಿಯ ಧಾಟಿಯಲ್ಲಿ ರಚಿತವಾದ, ಸುಮಾರು ಹನ್ನೊಂದು ಸಾವಿರ ಪದ್ಯಗಳ ಮಹಾಕಾವ್ಯ. ಅವನು ಬರೆದ ಕೊಂಕಣಿಯ ವ್ಯಾಕರಣವು ಅವನ ಮರಣಾನಂತರ 1640ರಲ್ಲಿ ರಾಯ್ತೂರಿನಲ್ಲಿ ಮುದ್ರಿತವಾಯಿತು. ಅದರ ಹೆಸರಿನಲ್ಲಿ ಕೊಂಕಣಿಯನ್ನು ಕಾನರಿಂ ಭಾಷೆಯೆಂದು ಕರೆದಿದೆ; ಕರಾವಳಿಯ ಜನರೆಲ್ಲರನ್ನೂ ಪೋರ್ತುಗೀಜರು ಕನ್ನಡದ ಹೆಸರಿನಿಂದಲೇ ಕರೆಯುತ್ತಿದ್ದರೆಂಬುದು ಕನ್ನಡಿಗರಿಗೆ ಕೌತುಕದ ವಿಷಯ. ಗುಡಿಯನ್ನು ಒಡೆದ ಬೆರ್ನೊವನ್ನೂ ಪುರಾಣವನ್ನು ಬರೆದ ಸ್ಟೀಫನ್ಸನನ್ನೂ ಕಳುಹಿಸಿದ ಸಂಘವು ಒಂದೇ. ಅವರಿಬ್ಬರೂ ಬಂದ ವರ್ಷವೂ ಒಂದೇ, 1579.

ಸಂಘದ ಇತರರೂ ಬೇರೆ ದಾರಿಗಳನ್ನು ಹುಡುಕಿದರು. ರಾಬರ್ಟ್ ದೆ ನೊಬಿಲಿಯು 1606ರಿಂದ ಮಧುರೆಯಲ್ಲಿ ಕಾವಿಯುಟ್ಟು, ಮಾಂಸವನ್ನು ಬಿಟ್ಟು, ತಮಿಳು ಸಂಸ್ಕೃತಗಳನ್ನು ಕಲಿತು 'ತತ್ತ್ವಬೋಧಕ'ನಾದನು. ಅದೇ ಮೇಲ್ಪಂಕ್ತಿಯಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬುವನು 1649ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯಲ್ಲಿ ಸಂನ್ಯಾಸಿಯ ವೇಷದಲ್ಲಿ ಸಂಚರಿಸಿ, ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಬರೆದನು. ಇವರ ಹಿಂದೆ ಪೋರ್ತುಗೀಜರ ದಂಡು ಇರಲಿಲ್ಲ. ಕುಂಕಳ್ಳಿಯ ನೆತ್ತರಿನಿಂದಲೇ ಈ ಪಾಠವು ಕಲಿಯಲ್ಪಟ್ಟಿತೆಂದು ಹೇಳುವುದು ಅತಿಶಯವಾದೀತು, ಕಾರಣಗಳು ಅನೇಕ. ಆದರೆ ಎರಡು ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಇತಿಹಾಸವು ನಮಗೆ ಅವಕಾಶ ಕೊಟ್ಟಿದೆ.

ಕುಂಕಳ್ಳಿಯಲ್ಲಿ ಇಂದು ಎರಡು ಸ್ಮಾರಕಗಳಿವೆ. ಪಾದ್ರಿಗಳ ನೆನಪಿಗೆ ಒಂದು ಪ್ರಾರ್ಥನಾಮಂದಿರವಿದೆ. ಮಡಿದ ಗಾಂವಕಾರರ ನೆನಪಿಗೆ ನಮ್ಮ ಕಾಲದಲ್ಲಿ ನಿಲ್ಲಿಸಿದ ಸ್ಮಾರಕವೂ ಇದೆ. ಆದರೆ ಅವೆರಡಕ್ಕಿಂತಲೂ ಜೀವಂತವಾದುದು ಒಂದು ಮೆರವಣಿಗೆ. ವರ್ಷಕ್ಕೊಮ್ಮೆ ಶಾಂತಾದುರ್ಗೆಯು ಫಾತರ್ಪೆಯಿಂದ ತನ್ನ ಮೂಲಸ್ಥಾನಕ್ಕೆ ಬರುತ್ತಾಳೆ. ಊರಿನ ಹನ್ನೆರಡು ಮನೆತನಗಳ ಹೆಸರಿನಲ್ಲಿ ಹನ್ನೆರಡು ಬಣ್ಣಬಣ್ಣದ ಛತ್ರಿಗಳು ಗುಲಾಲಿನ ಧೂಳಿನ ನಡುವೆ ಕುಣಿಯುತ್ತ ಬರುತ್ತವೆ. ಆ ಹನ್ನೆರಡು ಮನೆತನಗಳಲ್ಲಿ ಇಂದು ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಇಬ್ಬರೂ ಬೀದಿಗೆ ಬಂದು ಉತ್ಸವದಲ್ಲಿ ಭಾಗಿಗಳಾಗುತ್ತಾರೆ. ಒಬ್ಬನ ಪೂರ್ವಿಕನು ಕೊಂದನು, ಮತ್ತೊಬ್ಬನ ಪೂರ್ವಿಕನು ಸತ್ತನು ಎಂದು ಬೇರ್ಪಡಿಸಿ ಹೇಳುವುದೂ ಅಲ್ಲಿ ಸಾಧ್ಯವಿಲ್ಲ. ಎರಡೂ ಒಂದೇ ಮನೆತನದ ನೆನಪು.

ಕೊಪ್ಪಳದಿಂದ ಹೊರಟ ನಾವು ಕೊಪ್ಪಳಕ್ಕೇ ಮರಳೋಣ. ಅಲ್ಲಿಯ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಅವು ಅವನ ಕಿರುಶಾಸನಗಳು. ಅದೇ ಚಕ್ರವರ್ತಿಯ ಹನ್ನೆರಡನೆಯ ಶಿಲಾಶಾಸನವು ಕಲಬುರಗಿ ಸೀಮೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ಬೆಳಕಿಗೆ ಬಂದಿತು. ತನ್ನ ಪಂಥದ ಮೇಲಣ ಭಕ್ತಿಯಿಂದ ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡಿದಂತೆ ಎಂಬುದು ಅದರ ತಾತ್ಪರ್ಯ. ರುಡಾಲ್ಫನು ಹುಟ್ಟುವುದಕ್ಕೆ ಸಾವಿರದ ಎಂಟುನೂರು ವರ್ಷಗಳ ಹಿಂದಣ ಮಾತು ಅದು. ಇಗರ್ಜಿಯೊಂದಕ್ಕೆ ನೆಲವನ್ನು ನೋಡಲು ಮಳೆಯಲ್ಲಿ ನಡೆದು ಹೋದ ಆ ತರುಣನನ್ನೂ, ಮಾತುಕತೆಯೆಂದು ನಂಬಿ ಕೋಟೆಯ ಬಾಗಿಲನ್ನು ಹೊಕ್ಕ ಹದಿನಾರು ಮಂದಿ ಗೌಡರನ್ನೂ ಒಟ್ಟಿಗೆ ನೆನೆಯುವಾಗ ಆ ಶಾಸನವನ್ನೂ ನೆನೆಯಬೇಕೆಂದು ತಮ್ಮಲ್ಲಿ ವಿಜ್ಞಾಪಿಸಿ, ನನ್ನ ಮಾತನ್ನು ಮುಗಿಸುತ್ತೇನೆ.